ಅಣ್ಣನ ಕಾಲಿನ ನಾರು

ಅಣ್ಣನ ಕಾಲಿನಿಂದ ಬಿಳಿಯ ದಾರದಂಥದ್ದೊಂದು ಹೊರಗೆ ಇಣುಕಿದಾಗ ನಾನು ಮಾಡಿದ ಮೊದಲ ಕೆಲಸ ಅದರ ಹೆಸರನ್ನು ತಿದ್ದಿದ್ದು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ. ನಾನು ಮೂಡಬಿದಿರೆಯಲ್ಲಿ ಹೈಸ್ಕೂಲು ಓದುತ್ತಿದ್ದೆ. ರಜೆಗೆಂದು ಗುರುವಾಯನಕೆರೆಯ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಆ ವರ್ಷದ ಚರ್ಚಾಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ. ಕನ್ನಡದಲ್ಲೂ ತರಗತಿಗೆ ನಾನೇ ಮೊದಲು. ಮನೆಯಲ್ಲಿ ಆಡುವುದು ತುಳುವಾದರೂ ಶಾಲೆಯಲ್ಲಿ ಕಲಿತ ಕನ್ನಡ ನನ್ನ ಮಟ್ಟಿಗೆ ತೀರ್ಪುಗಾರರ ಮುಂದೆ ಝಳಪಿಸುವ ಕತ್ತಿ. ರಜೆಯಲ್ಲಿ ತೀರ್ಪುಗಾರರಿಲ್ಲ, ಆದ್ದರಿಂದ ಅಮ್ಮನ ಮೇಲೂ ಅಣ್ಣನ ಮೇಲೂ ಅದನ್ನು ಬೀಸುತ್ತಿದ್ದೆ.

ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರಿಂದ ಅವನು ಓದು ಬಿಟ್ಟು ಬಳ್ಳಾರಿ ಕಡೆಯ ಒಂದು ಊರಿನಲ್ಲಿ ನಮ್ಮವರೊಬ್ಬರ ಹೋಟೆಲಿನಲ್ಲಿ ಎರಡು ವರ್ಷ ಇದ್ದ. ಊರಲ್ಲೇ ಟಪಾಲು ಹಂಚುವ ಕೆಲಸ ಸಿಕ್ಕಿತೆಂದು ಹೋಟೆಲು ಬಿಟ್ಟು ಬಂದಿದ್ದ. ಜೂನ್ ಒಂದಕ್ಕೆ ಬೆಳ್ತಂಗಡಿಯಲ್ಲಿ ಹಾಜರಾಗಬೇಕು. ಚಾರ್ಮಾಡಿಯ ದಿಕ್ಕಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುವ ಕೆಲಸ. ವಿಳಾಸ ಓದಲು ಬರಬೇಕು, ಕಾಲು ಗಟ್ಟಿಯಿರಬೇಕು, ಅಷ್ಟೆ. ಅವನು ಹೋಗದಿದ್ದರೆ ಪಟ್ಟಿಯಲ್ಲಿ ಅವನ ಹಿಂದಿದ್ದವನು ಹೋಗುತ್ತಾನೆ.

ಮೇ ತಿಂಗಳ ಮೊದಲ ವಾರ ಅವನ ಎಡಗಾಲಿನ ಮಣಿಗಂಟಿನ ಮೇಲೆ ಒಂದು ಗುಳ್ಳೆ ಎದ್ದಿತು. ಕುರು ಇರಬೇಕೆಂದು ಬಂಟ್ವಾಳಕ್ಕೆ ಹೋಗಿದ್ದಾಗ ಒಂದು ಮುಲಾಮು ತಂದು ಹಚ್ಚಿದ. ಉರಿ ಹೆಚ್ಚಾಯಿತು. ಕೆಂಡ ಇಟ್ಟ ಹಾಗೆ ಆಗುತ್ತದೆಂದು ಹೇಳಿ ಬಾವಿಕಟ್ಟೆಯ ಹತ್ತಿರ ಕುಳಿತು ಬಾಲ್ದಿಯ ನೀರಿನಲ್ಲಿ ಕಾಲು ಮುಳುಗಿಸಿದ. ಗುಳ್ಳೆ ಒಡೆಯಿತು. ನೀರಿಗೆ ಗಂಜಿತಿಳಿಯಂಥ ಬಿಳಿ ಇಳಿಯಿತು. ಗಾಯದ ನಡುವೆ ಆ ದಾರ.

ಅಮ್ಮ ನೋಡಿದವಳೇ ಎರಡು ಹೆಜ್ಜೆ ಹಿಂದೆ ಸರಿದಳು.

"ಯಾರೂ ಮುಟ್ಟಬೇಡಿ. ಇದು ನಾಗನದ್ದು."

"ನಾಗನದ್ದು ಎಂತ?" ಎಂದೆ.

"ಕಣ್ಣು ಕಾಣುದಿಲ್ವಾ ನಿಂಗೆ? ಹಾವಿನ ಹಾಗೆಯೇ ಉಂಟಲ್ಲ. ಎರಡು ವರ್ಷ ಇವ ಊರಲ್ಲಿ ಇಲ್ಲ, ನಾಗಬನದಲ್ಲಿ ಹಾಲೆರೆದು ಒಂದು ತಂಬಿಲ ಕೊಟ್ಟದ್ದಿಲ್ಲ. ಮತ್ತೆ ಆಗದೆ ಇರ್ತದಾ?"

ಅಣ್ಣ ಹಲ್ಲು ಕಚ್ಚಿಕೊಂಡು ಹೇಳಿದ: "ಆ ಕಡೆ ಇದಕ್ಕೆ ನಾರು ಅಂತಾರೆ. ಹೋಟೆಲಿನಲ್ಲಿ ಹಿಟ್ಟು ರುಬ್ಬುವವನಿಗೆ ಆಗಿತ್ತು. ಬಟ್ಟೆ ಕಟ್ಟಿದ್ದ, ನಾನು ಬಿಚ್ಚಿ ನೋಡಿದವನಲ್ಲ. ಅವ ಮೂರು ತಿಂಗಳು ಮಲಗಿದ್ದ."

ನಾನು ಅಲ್ಲೇ ಹಿಡಿದೆ. "ನಾರು ಬಾಳೆಯದ್ದು ಅಣ್ಣ. ಮನುಷ್ಯನದ್ದು ನರ. ಅವರ ಉಚ್ಚಾರ ಸರಿ ಇಲ್ಲ, ನೀನು ಕೇಳಿದ್ದೂ ಸರಿ ಇಲ್ಲ. ಗುಳ್ಳೆ ಒಡೆದು ಒಳಗಿನ ನರ ಹೊರಗೆ ಬಂದಿದೆ. ಒಳಗೆ ಹಾಕಿ ಹೊಲಿಯಬೇಕು."

ಈಗ ಬರೆಯುವಾಗ ನಗು ಬರುತ್ತದೆ, ಆದರೆ ಆ ದಿನ ಆ ವಾದ ನನಗೆ ಎಷ್ಟು ಚಂದ ಕಂಡಿತೆಂದರೆ ಅದನ್ನು ಮೂರು ಅಂಶಗಳಾಗಿ ವಿಂಗಡಿಸಲೂ ಹೊರಟೆ. ಒಂದು, ದೇಹದಲ್ಲಿ ದಾರದಂತಿರುವುದು ನರ ಮಾತ್ರ. ಎರಡು—

"ನೀನು ಮಾನ್ಯ ಅಧ್ಯಕ್ಷರೇ ಅಂತ ಶುರು ಮಾಡ್ಬೇಡ ಮಾರಾಯ್ತಿ," ಎಂದ ಅಣ್ಣ. "ಕಾಲು ಉರಿಯುತ್ತಾ ಉಂಟು."

ಎರಡು ದಿನ ಹೀಗೇ ನಡೆಯಿತು. ಅಮ್ಮ ನಾಗ ಎಂದಳು, ನಾನು ನರ ಎಂದೆ. ಅಣ್ಣ ಒಮ್ಮೆ ನಾರು ಎಂದವನು ಮತ್ತೆ ಸುಮ್ಮನಾದ. ನಮ್ಮಿಬ್ಬರ ಮುಂದೆ ಅವನ ಪಕ್ಷಕ್ಕೆ ಬಲವಿರಲಿಲ್ಲ. ಕಾಲು ಮಾತ್ರ ಊದುತ್ತಿತ್ತು. ಅಮ್ಮ ಬನದ ಪಕ್ಕದ ಕೆರೆಯಲ್ಲಿ ಅವನನ್ನು ಮೀಯಿಸಿ ತಂಬಿಲ ಕೊಡಿಸುವ ಏರ್ಪಾಡಿನಲ್ಲಿದ್ದಳು. ಮೂರನೆಯ ದಿನ ಬೆಳಗ್ಗೆ ನಾನು ಒಂದು ಬೆಂಕಿಕಡ್ಡಿ ಹಿಡಿದು, ನರವನ್ನು ಮೆಲ್ಲಗೆ ಒಳಗೆ ತಳ್ಳಿ ತೋರಿಸುತ್ತೇನೆಂದು ಕುಳಿತೆ. ಕಡ್ಡಿ ತಾಗಿದ ಕೂಡಲೇ ಅದು ತಾನಾಗಿ ಒಂದಿಷ್ಟು ಬಾಗಿತು.

ಅಣ್ಣ ನನ್ನ ಮುಖ ನೋಡಿದ. "ನರ ಅಲ್ಲಾಡ್ತದಾ?"

ಚರ್ಚೆಯಲ್ಲಿ ಇಂಥ ಹೊತ್ತಿಗೆ ಸಮಯ ಮುಗಿಯಿತೆಂದು ಗಂಟೆ ಬಾರಿಸುತ್ತಾರೆ. ಇಲ್ಲಿ ಬಾರಿಸುವವರು ಯಾರೂ ಇಲ್ಲ. "ಬೆಳ್ತಂಗಡಿಗೆ ಹೋಗುವ," ಎಂದೆ.

ಬೆಳ್ತಂಗಡಿಯ ಡಾಕ್ಟರು ವಯಸ್ಸಾದವರು. ಅಣ್ಣನ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಅಮ್ಮ ನಾಗನ ವಿಷಯ ಹೇಳಿದಳು. ನಾನು ನರದ ವಿಷಯ, ಸ್ವಲ್ಪ ಮೆಲ್ಲಗೆ, ಹೇಳಿದೆ. ಅವರು ಇಬ್ಬರಿಗೂ ಉತ್ತರ ಕೊಡದೆ ಅಣ್ಣನನ್ನು ಕೇಳಿದರು:

"ಕಳೆದ ವರ್ಷ ಈ ಹೊತ್ತಿಗೆ ಎಲ್ಲಿದ್ದೆ?"

"ಬಳ್ಳಾರಿ ಕಡೆ."

"ಅಲ್ಲಿ ಕುಡಿಯುವ ನೀರು?"

"ಮೆಟ್ಟಿಲು ಬಾವಿ. ಇಳಿದು ತುಂಬಿಸಿಕೊಂಡು ಬರುದು."

"ಇಳಿಯುವಾಗ ಕಾಲು ನೀರಿನೊಳಗೆ ಹೋಗ್ತದೆ, ಅಲ್ವಾ?"

"ಮೊಣಕಾಲಿನವರೆಗೆ ಹೋಗ್ತದೆ. ಬೇಸಿಗೆಯಲ್ಲಿ ನೀರು ಕೆಳಗೆ ಹೋದಾಗ ಎಲ್ಲರೂ ಒಟ್ಟಿಗೆ ಇಳಿಯುದು."

ಡಾಕ್ಟರು ಕುರ್ಚಿಗೆ ಒರಗಿದರು. "ಆಯಿತು. ನಾಗನೂ ಅಲ್ಲ, ನರವೂ ಅಲ್ಲ. ಇದು ಹುಳ. ಅಲ್ಲಿಯ ಜನ ಹೇಳುವುದೇ ಸರಿ, ನಾರು. ನಾನು ಆ ಸೀಮೆಯಲ್ಲಿ ನಾಲ್ಕು ವರ್ಷ ಇದ್ದವ. ಈ ಕಡೆ ನೋಡಿದ್ದು ಇದೇ ಮೊದಲು."

ನನ್ನ ಕಿವಿ ಬಿಸಿಯಾಯಿತು. ಆದರೆ ಅದಕ್ಕಿಂತ ಜೋರಾಗಿ ಇನ್ನೊಂದು ಪ್ರಶ್ನೆ ಎದ್ದಿತ್ತು. "ಹೋದ ವರ್ಷ ಕುಡಿದ ನೀರು ಈ ವರ್ಷ ಕಾಲಿಗೆ ಹೇಗೆ ಬರುತ್ತದೆ? ಪುರಾವೆ ಎಂತ?"

"ಓಹೋ, ವಕೀಲರು!" ಎಂದರು ಡಾಕ್ಟರು. ಆದರೂ ಹೇಳಿದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಕಾಲಿನಲ್ಲಿರುವುದು ಹೆಣ್ಣುಹುಳ. ಅದಕ್ಕೆ ಮರಿ ಹಾಕಲು ನೀರು ಬೇಕು. ಅದಕ್ಕೇ ಗುಳ್ಳೆ ಎಬ್ಬಿಸಿ ಉರಿ ಹುಟ್ಟಿಸುತ್ತದೆ. ಉರಿ ತಾಳದೆ ಮನುಷ್ಯ ನೀರಿಗೆ ಕಾಲಿಡುತ್ತಾನೆ. ನೀರು ಸೋಕಿದ ಕೂಡಲೇ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಬಿಡುತ್ತದೆ. ಬಾಲ್ದಿಯಲ್ಲಿ ನಾವು ಕಂಡ ಗಂಜಿತಿಳಿ ಅದೇ. ನೀರಿನಲ್ಲಿ ಸಾಸಿವೆಗಿಂತ ಸಣ್ಣದಾದ ಒಂದು ಕೀಟ ಇರುತ್ತದೆ, ಅದು ಆ ಮರಿಗಳನ್ನು ತಿನ್ನುತ್ತದೆ. ಆ ನೀರನ್ನು ಇನ್ನೊಬ್ಬ ಕುಡಿಯುತ್ತಾನೆ. ಕೀಟ ಹೊಟ್ಟೆಯಲ್ಲಿ ಸಾಯುತ್ತದೆ, ಮರಿ ಸಾಯುವುದಿಲ್ಲ. ಒಂದು ವರ್ಷ ಮೈಯೊಳಗೆ ಸದ್ದಿಲ್ಲದೆ ಬೆಳೆದು, ಮೊಳಕ್ಕಿಂತ ಉದ್ದವಾಗಿ, ಹೆಚ್ಚಾಗಿ ಕಾಲಿನಲ್ಲೇ ಹೊರಗೆ ಬರುತ್ತದೆ.

"ಕಾಲಿನಲ್ಲೇ ಯಾಕೆ?" ಎಂದೆ.

"ನೀರಿಗೆ ಮೊದಲು ಇಳಿಯುವುದು ಕಾಲೇ ಅಂತ ಅದಕ್ಕೆ ಯಾರು ಹೇಳಿದರೋ ನನಗೂ ಗೊತ್ತಿಲ್ಲ."

ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮೊನ್ನೆಯ ಬಾಲ್ದಿಯ ನೀರು ಬಾಳೆಯ ಬುಡಕ್ಕೆ ಚೆಲ್ಲಿದ್ದೇನೆ ಡಾಕ್ಟ್ರೇ. ಬಾಳೆಕಾಯಿ ತಿನ್ನಬಹುದಾ?"

"ತಿನ್ನಬಹುದು. ಒಣಮಣ್ಣಿನಲ್ಲಿ ಅದು ಬದುಕುವುದಿಲ್ಲ. ಕೆರೆಗೆ ಮಾತ್ರ ಇವನನ್ನು ಇಳಿಸಬೇಡಿ. ಬನದ ಕೆರೆಗೂ ಬೇಡ. ಕೆರೆಗೆ ಒಮ್ಮೆ ಬಿದ್ದರೆ ಊರಿಗೇ ಬಂದೀತು."

ಅಣ್ಣ ಕೇಳಬೇಕಾದದ್ದನ್ನು ಕೇಳಿದ: "ಜೂನ್ ಒಂದಕ್ಕೆ ನಾನು ನಡೆಯಬೇಕು. ಮದ್ದು ಉಂಟಾ?"

"ಹುಳವನ್ನು ಕೊಲ್ಲುವ ಮದ್ದು ನನ್ನ ಹತ್ತಿರ ಇಲ್ಲ. ಗಾಯ ಕೀವಾಗದ ಹಾಗೆ ಮದ್ದು ಹಾಕ್ತೇನೆ. ಹುಳವನ್ನು ಸುತ್ತಿ ತೆಗೆಯಬೇಕು, ದಿನಕ್ಕೆ ಒಂದು ಅಂಗುಲ, ಬಂದರೆ ಎರಡು. ಎಳೆದರೆ ತುಂಡಾಗ್ತದೆ. ತುಂಡಾಗಿ ಒಳಗೆ ಉಳಿದರೆ ಕೀವು ತುಂಬಿ ಕೀಲು ಹಿಡಿದುಕೊಳ್ಳಬಹುದು. ಆಗ ಜೂನ್ ಅಲ್ಲ, ಮುಂದಿನ ಜೂನಿಗೂ ನಡೆಯುವುದು ಕಷ್ಟ."

ಒಂದು ಬೆಂಕಿಕಡ್ಡಿಯ ಮದ್ದು ಕೆರೆದು ತೆಗೆದು, ಕಡ್ಡಿಯನ್ನು ಕುದಿಸಿ, ಹುಳದ ತುದಿಯನ್ನು ಅದಕ್ಕೆ ಒಂದು ಸುತ್ತು ಸುತ್ತಿ, ಕಾಲಿಗೆ ಒತ್ತಿ ಬಟ್ಟೆ ಕಟ್ಟಿದರು. ಅಂಥದ್ದೇ ಕಡ್ಡಿಯನ್ನು ನಾನು ಬೆಳಗ್ಗೆ ತಿರುಗುಮುರುಗಾಗಿ ಬಳಸಿದ್ದೆ. ಹೊರಡುವಾಗ ಡಾಕ್ಟರು ಅಣ್ಣನ ಹೆಗಲು ತಟ್ಟಿದರು. "ಎರಡು ಮಡಿಕೆ ಮಾಡಿದ ಬಟ್ಟೆಯಲ್ಲಿ ನೀರು ಸೋಸಿ ಕುಡಿದಿದ್ದರೆ ಆ ಕೀಟ ಬಟ್ಟೆಯಲ್ಲೇ ಉಳೀತಿತ್ತು. ಇದು ಯಾವುದೂ ಬೇಡವಾಗಿತ್ತು."

ಅಣ್ಣ ತಲೆಯಾಡಿಸಿದ. ನಾನು ಮಾತ್ರ ಬಾಗಿಲಲ್ಲೇ ನಿಂತುಬಿಟ್ಟೆ.

ಯಾಕೆಂದರೆ ಮೂಡಬಿದಿರೆಯಲ್ಲಿ ನಾನಿದ್ದದ್ದು ಒಬ್ಬ ಜೈನ ಅಜ್ಜಿಯ ಮನೆಯಲ್ಲಿ. ಅವರು ಬಾವಿಯಿಂದ ಸೇದಿದ ಪ್ರತಿ ಕೊಡವನ್ನೂ ಎರಡು ಮಡಿಕೆ ಮಾಡಿದ ಬಿಳಿಬಟ್ಟೆಯಲ್ಲಿ ಸೋಸದೆ ಒಂದು ತೊಟ್ಟೂ ಬಳಸುತ್ತಿರಲಿಲ್ಲ. ಮತ್ತು ನನಗೆ ಬಹುಮಾನ ಬಂದದ್ದು ಆ ಬಟ್ಟೆಯನ್ನು ಗೇಲಿ ಮಾಡಿ. ಆಚಾರಗಳು ಪ್ರಗತಿಗೆ ಅಡ್ಡಿ ಎಂಬುದು ವಿಷಯ, ನಾನು ಪರ. "ಕಾಣದ ಜೀವಕ್ಕೆ ಅಂಜಿ ನೀರನ್ನು ಬಟ್ಟೆಯಲ್ಲಿ ಸೋಸುವವರು, ಗಾಳಿಯನ್ನು ಯಾವ ಜರಡಿಯಲ್ಲಿ ಹಿಡಿಯುತ್ತಾರೆ?" ಎಂದು ಕೇಳಿದ್ದೆ. ಸಭೆ ನಕ್ಕಿತ್ತು. ಬಹುಮಾನ ಒಂದು ಹಿತ್ತಾಳೆ ಲೋಟ. ಅಜ್ಜಿಗೆ ಸುದ್ದಿ ಮುಟ್ಟಿತ್ತು. ಮರುದಿನ ಬೆಳಗ್ಗೆ ಆ ಲೋಟವನ್ನು ಹುಣಸೆಹುಳಿಯಲ್ಲಿ ತಿಕ್ಕಿ, ಸೋಸಿದ ನೀರು ತುಂಬಿಸಿ ನನ್ನ ಮುಂದಿಟ್ಟರು. "ಕುಡಿ. ಮಾತಾಡಿ ಗಂಟಲು ಒಣಗಿರ್ತದೆ."

ಸುತ್ತುವ ಕೆಲಸವನ್ನು ಮನೆಯಲ್ಲಿ ನಾನೇ ವಹಿಸಿಕೊಂಡೆ. ಶಾಲೆಯ ಅಡಿಕೋಲಿನಿಂದ ದಿನವೂ ಅಳೆದು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದೆ. ಒಂದು ಅಂಗುಲ. ಒಂದೂವರೆ. ಕೆಲವು ದಿನ ಅರ್ಧವೂ ಇಲ್ಲ. ಗೆರೆಗಳನ್ನು ಕೂಡಿಸಿ ನೋಡಿದರೆ ಜೂನ್ ಒಂದು ಹುಳಕ್ಕಿಂತ ಮೊದಲೇ ಬರುವಂತಿತ್ತು. ಒಂಬತ್ತನೆಯ ದಿನ ಚೆನ್ನಾಗಿ ಬರುತ್ತಿದೆ ಎನಿಸಿ, ಬೇಕಾದ ಸುತ್ತು ಮುಗಿದ ಮೇಲೂ ಇನ್ನೊಂದು ಸುತ್ತು ತಿರುಗಿಸಿದೆ. ಹುಳ ಒಮ್ಮೆಲೇ ಬಿಗಿಯಾಯಿತು, ರಬ್ಬರಿನ ಹಾಗೆ ಸಪೂರವಾಯಿತು. ಅಣ್ಣ ಕಿರುಚಿದ. ಅಮ್ಮ ಅಡಿಗೆಮನೆಯಿಂದ ಓಡಿಬಂದು ನನ್ನ ಕೈಗೆ ಒಂದು ಬಾರಿಸಿದಳು. ನಾನು ಕಡ್ಡಿ ಬಿಡಲಿಲ್ಲ, ಎಳೆಯಲೂ ಇಲ್ಲ. ಹಾಗೇ ಹಿಡಿದು ಕುಳಿತೆ.

"ಒಣಗಿದ್ದನ್ನು ಎಳೀತಾರಾ?" ಎಂದಳು ಅಮ್ಮ. ಒಂದು ಬಟ್ಟೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಗಾಯದ ಮೇಲೆ ಹಾಕಿದಳು. ಕಡ್ಡಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಅರ್ಧ ಸುತ್ತು ಹಿಂದಕ್ಕೆ ಸಡಿಲಿಸಿದಳು. "ಹೂ ಕಟ್ಟುವಾಗ ನಾರು ಒಣಗಿದ್ರೆ ನಾನು ಎಂತ ಮಾಡ್ತೇನೆ? ನೀರು ಹಾಕಿ ಕಾಯ್ತೇನೆ. ಅದು ಮೆತ್ತಗಾದ್ರೆ ತಾನೇ ಬರ್ತದೆ. ಹೆಸರು ನಾರು ಅಂತ ಡಾಕ್ಟ್ರೇ ಹೇಳಿದ್ರಲ್ಲ, ಮತ್ತೆ ನಾರಿನ ಹಾಗೆ ನೋಡ್ಕೊಳ್ಳಿಕ್ಕೆ ನಿಂಗೆ ಎಂತ ಕಷ್ಟ?"

ನಾಗನನ್ನು ಮುಟ್ಟಬೇಡಿ ಎಂದವಳು ಈಗ ಅದನ್ನು ಬೆರಳ ತುದಿಯಲ್ಲಿ ಹಿಡಿದಿದ್ದಳು. ಆ ವಿರೋಧಾಭಾಸವನ್ನು ಎತ್ತಿ ತೋರಿಸಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಅದೇ ಹೊತ್ತಿಗೆ ಇನ್ನೊಂದೂ ಹೊಳೆದಿತ್ತು: ಮೊದಲ ಎರಡು ದಿನ ಅವಳು ಮುಟ್ಟಬೇಡಿ ಎನ್ನದೆ ಇದ್ದಿದ್ದರೆ ನಾನು ಏನು ಮಾಡಿರುತ್ತಿದ್ದೆ? ತಪ್ಪು ಕಾರಣಕ್ಕೆ ಅವಳು ಸರಿಯಾದದ್ದನ್ನೇ ಹೇಳಿದ್ದಳು. ನನ್ನ ಕಾರಣವೂ ತಪ್ಪು, ಕೆಲಸವೂ ತಪ್ಪು.

ಆಮೇಲೆ ಮೂರು ದಿನ ಹುಳ ಒಂದು ಕೂದಲೆಳೆಯಷ್ಟೂ ಬರಲಿಲ್ಲ. ಆ ಮೂರು ದಿನ ನನ್ನಿಂದಾಗಿ ಹೋದವು. ಅಣ್ಣ ಗೋಡೆಯ ಗೆರೆಗಳನ್ನೇ ನೋಡುತ್ತ ಮಲಗಿರುತ್ತಿದ್ದ, ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಕಡ್ಡಿ ಆಮೇಲೆ ಅಮ್ಮನ ಕೈಗೆ ಹೋಯಿತು.

ಆ ನಡುವೆ ಫಲಿತಾಂಶ ನೋಡಿಕೊಂಡು ಬರಲು ಮೂಡಬಿದಿರೆಗೆ ಹೋದೆ. ಪಾಸಾಗಿತ್ತು. ವಿಜ್ಞಾನದ ಮೇಷ್ಟ್ರನ್ನು ಕಾಡಿ ಭೂತಗನ್ನಡಿ ಇಸಿದುಕೊಂಡು ನೇರ ಅಜ್ಜಿಯ ಮನೆಗೆ ನಡೆದೆ. ಅವರು ಬಾವಿಕಟ್ಟೆಯಲ್ಲಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ "ಅದೆಂತ?" ಎಂದರು.

"ಭೂತಗನ್ನಡಿ ಅಜ್ಜಿ."

"ಇದರಲ್ಲಿ ಭೂತ ಕಾಣ್ತದಾ? ನಿಂಗೆ ನಂಬಿಕೆ ಇಲ್ಲ ಅಲ್ವಾ?"

"ನಿಮ್ಮ ಬಟ್ಟೆ ನೋಡಬೇಕಿತ್ತು."

ಅವರು ಬಾವಿಯಿಂದ ನೀರು ಸೇದಿದರು. ಆಮೇಲೆ ಕೊಡದ ಬಾಯಿಗೆ ಬಟ್ಟೆ ಹಾಕಿ ನೀರು ಸುರಿದು, ಬಟ್ಟೆಯ ನಡುವಿನ ಗುಳಿಯಲ್ಲಿ ಒಂದಿಷ್ಟು ನೀರು ಉಳಿಸಿ ನನ್ನ ಮುಂದೆ ಹಿಡಿದರು. ಮೊದಲು ಏನೂ ಕಾಣಲಿಲ್ಲ, ನೂಲಿನ ಎಳೆಗಳು ಹಗ್ಗದಷ್ಟು ದಪ್ಪ ಕಂಡವು. ಆಮೇಲೆ ಒಂದು ಬಿಳಿಯ ಚುಕ್ಕೆ ನೆಗೆಯಿತು. ನಿಂತಿತು. ಮತ್ತೆ ನೆಗೆಯಿತು. ಇನ್ನೊಂದು. ಬಾಲದ ಹತ್ತಿರ ಎರಡು ಸಣ್ಣ ಚೀಲ ಹೊತ್ತಂತಿತ್ತು.

ಅಣ್ಣನ ಕಾಲಿನ ಕಥೆಯನ್ನು ಪೂರ್ತಿ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕೊನೆಗೆ ನಾನೇ ಹೇಳಿದೆ: "ಆ ದಿನ ಸಭೆಯಲ್ಲಿ ನಾನು ಹೇಳಿದ್ದು ತಪ್ಪು ಅಜ್ಜಿ. ನಿಮ್ಮ ಬಟ್ಟೆ ರೋಗ ತಡೆಯುತ್ತದೆ."

"ರೋಗ ತಡೀಲಿಕ್ಕೆ ಅಲ್ಲ ಮಗಾ ನಾನು ಸೋಸುದು," ಎಂದರು. "ಅದು ಸಾಯಬಾರದು ಅಂತ."

ಹೇಳುತ್ತಲೇ ಬಟ್ಟೆಯನ್ನು ಜಾಗ್ರತೆಯಿಂದ ಮಗುಚಿ, ಮೇಲಿನಿಂದ ಸೋಸಿದ ನೀರು ಹೊಯ್ದು, ಆ ಚುಕ್ಕೆಗಳನ್ನು ಒಂದು ಸಣ್ಣ ಪಾತ್ರೆಗೆ ಇಳಿಸಿದರು. ಪಾತ್ರೆಯನ್ನು ಹಗ್ಗದಲ್ಲಿ ಬಾವಿಗೆ ಬಿಟ್ಟು, ನೀರಿನ ಮಟ್ಟದಲ್ಲೇ ಮೆಲ್ಲಗೆ ಬಗ್ಗಿಸಿದರು.

ನನ್ನೊಳಗಿನ ವಕೀಲ ಎಚ್ಚೆತ್ತ. "ಹಾಗೆ ಬಿಟ್ಟರೆ ನಾಳೆ ಮತ್ತೆ ಅವೇ ಬರುತ್ತವಲ್ಲ?"

"ನಾಳೆ ಮತ್ತೆ ಸೋಸ್ತೇನೆ."

ಡಾಕ್ಟರ ಕಡೆ ನಿಂತರೆ ನೀರು ಕಾಯಿಸಿ ಕೀಟವನ್ನು ಕೊಲ್ಲಬೇಕು, ಅಜ್ಜಿಯ ಕಡೆ ನಿಂತರೆ ಬದುಕಿಸಬೇಕು. ಬಟ್ಟೆ ಮಾತ್ರ ಇಬ್ಬರಿಗೂ ಒಂದೇ. ಹೊರಡುವಾಗ ಅಜ್ಜಿ ಒಂದು ಹಳೆಯ ಬಿಳಿಬಟ್ಟೆಯ ತುಂಡನ್ನು ಮಡಚಿ ಕೊಟ್ಟರು. "ನಿನ್ನ ಅಣ್ಣನಿಗೆ ಕೊಡು. ಮೆತ್ತಗೆ ಉಂಟು."

ಮೇ ತಿಂಗಳ ಕೊನೆಯಲ್ಲಿ, ಇನ್ನೆರಡು ದಿನ ಉಳಿದಿರುವಾಗ, ಬೆಳಗಿನ ಗಂಜಿಯ ಹೊತ್ತಿಗೆ ಅಮ್ಮ ಕರೆದಳು. ಕಡ್ಡಿಯ ಮೇಲೆ ಸುತ್ತುತ್ತಿದ್ದಂತೆ ಹುಳದ ಬಾಲ ತೊಟ್ಟು ಕಳಚಿದ ಹಾಗೆ ಹೊರಗೆ ಬಂತು. ತುದಿ ಕೊಕ್ಕೆಯಂತೆ ಬಾಗಿತ್ತು, ತುಂಡಾಗಿರಲಿಲ್ಲ. ಅಳೆದೆ: ಎರಡು ಅಡಿಗೆ ಸ್ವಲ್ಪ ಕಡಿಮೆ. ಅಮ್ಮನಿಗೆ ಅದನ್ನು ಬನದ ಹತ್ತಿರ ಹಾಲು ಹೊಯ್ದು ಬಿಡಬೇಕೆಂದಿತ್ತು, ನನಗೆ ಸೀಸೆಯಲ್ಲಿಟ್ಟು ಶಾಲೆಗೆ ಒಯ್ಯಬೇಕೆಂದು. ಇಬ್ಬರೂ ಶುರು ಮಾಡಿದೆವು.

"ನನ್ನ ಕಾಲಿನದ್ದು, ನಾನು ಹೇಳ್ತೇನೆ," ಎಂದ ಅಣ್ಣ. ಕುಂಟುತ್ತ ಎದ್ದು ಬಚ್ಚಲ ಒಲೆಗೆ ಹಾಕಿದ. ಚಟ್ ಎಂದಿತು, ಅಷ್ಟೆ.

ಜೂನ್ ಒಂದರಂದು ಬೆಳ್ತಂಗಡಿಗೆ ಬಸ್ಸಿನಲ್ಲಿ ಹೋದೆವು. ಟಪಾಲು ಕಚೇರಿಯ ಮೆಟ್ಟಿಲ ಬಳಿ ಅವನು ಊರುಕೋಲನ್ನು ನನ್ನ ಕೈಗೆ ಕೊಟ್ಟ, ಪಂಚೆಯನ್ನು ಕಾಲಿಗೆ ಕಟ್ಟಿದ ಬಟ್ಟೆಯ ಮೇಲೆ ಇಳಿಬಿಟ್ಟ, ನೆಟ್ಟಗೆ ಒಳಗೆ ನಡೆದ. ನಾನು ಕೋಲು ಹಿಡಿದು ಹೊರಗೆ ನಿಂತಿದ್ದೆ. ಅವನು ಹೊರಗೆ ಬಂದಾಗ ಹೆಗಲಲ್ಲಿ ಚೀಲವಿತ್ತು.

ಇದೆಲ್ಲ ಆಗಿ ಏಳೆಂಟು ವರ್ಷ ಕಳೆದಿವೆ. ಅವನು ಇನ್ನೂ ಅದೇ ದಾರಿಯಲ್ಲಿ ನಡೆಯುತ್ತಾನೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು. ಟಪಾಲಿನವನಿಗೂ ಕೊಡುತ್ತಾರೆ, ಬೇಡ ಎನ್ನುವಂತಿಲ್ಲ. ಅಣ್ಣ ಬೆಲ್ಲ ಬಾಯಿಗೆ ಹಾಕಿಕೊಂಡು, ಚೀಲದಿಂದ ಅಜ್ಜಿ ಕೊಟ್ಟ ಆ ಬಟ್ಟೆ ತೆಗೆದು, ಲೋಟದ ನೀರನ್ನು ತನ್ನ ಪಾತ್ರೆಗೆ ಸೋಸಿ ಕುಡಿಯುತ್ತಾನೆ. ಮೊದಮೊದಲು ಜನ ನಗುತ್ತಿದ್ದರಂತೆ. "ಟಪಾಲಿನವರು ಯಾವಾಗ ಬಸದಿಗೆ ಸೇರಿದ್ದು?" ಎಂದು ಕೇಳುತ್ತಿದ್ದರಂತೆ.

ಕಳೆದ ರಜೆಯಲ್ಲಿ ಅವನ ಜೊತೆ ಒಂದು ದಿನ ಹೋಗಿದ್ದಾಗ ನಾನು ಕಣ್ಣಾರೆ ಕಂಡೆ. ದಾರಿಯಲ್ಲಿ ಅವನಿಗೆ ವಿವರಿಸಿದೆ: ಇಲ್ಲಿ ಮೆಟ್ಟಿಲು ಬಾವಿ ಇಲ್ಲ, ಕಟ್ಟೆ ಕಟ್ಟಿ ರಾಟೆ ಹಾಕಿದ ಬಾವಿ, ಯಾರ ಕಾಲೂ ನೀರಿಗೆ ಮುಟ್ಟುವುದಿಲ್ಲ, ಮುಟ್ಟದಿದ್ದರೆ ಮರಿ ಇಲ್ಲ, ಮರಿ ಇಲ್ಲದ ಕೀಟವನ್ನು ಕುಡಿದರೂ ಆ ನಾರು ಬರುವುದಿಲ್ಲ. ಆದ್ದರಿಂದ ನೀನು ಸೋಸುವುದಕ್ಕೆ ಆಧಾರವಿಲ್ಲ.

ಅವನು ಪೂರ್ತಿ ಕೇಳಿದ. ಬಟ್ಟೆ ಹಿಂಡಿ, ಕೊಡವಿ, ಮಡಚಿ ಚೀಲದಲ್ಲಿಟ್ಟ.

"ನೀನು ಹೇಳುದು ಸರಿಯೇ ಇರಬಹುದು ಮಾರಾಯ್ತಿ," ಎಂದ. "ಆದರೆ ನಡೆಯುವವ ನಾನಲ್ವಾ?"

ಆಮೇಲೆ ಮುಂದಿನ ಮನೆಯ ಕಾರ್ಡು ಕೈಯಲ್ಲಿ ಹಿಡಿದು ಏರು ಹತ್ತತೊಡಗಿದ. ಅವನ ವೇಗಕ್ಕೆ ನನಗೆ ಏದುಸಿರು ಬಂತು.